ಆಟದ ಕೋವಿಗೆ ಸ್ಪ್ರಿಂಗ್ ಬದಲಿಸುವ ಮುನ್ನ

ಕುಂದಾಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನ ಮೇಜಿನ ಮೇಲೆ ಪಂಪು, ಮಿಕ್ಸಿ, ಗ್ರೈಂಡರು ಇರುವುದು ಸಹಜ. ಈಗೀಗ ಅವುಗಳ ನಡುವೆ ಬ್ಯಾಟರಿ ಕೋವಿಗಳೂ ಬರತೊಡಗಿವೆ. ಹೆಚ್ಚಿನವು ನೀರಲ್ಲಿ ನೆನೆಸಿದ ಜೆಲ್ ಗುಂಡು ಹಾರಿಸುವಂಥವು. ಒಂದೋ ಆನ್‌ಲೈನಲ್ಲಿ ತರಿಸಿದ್ದು, ಇಲ್ಲವೇ ಕೋಟೇಶ್ವರದ ಕೊಡಿಹಬ್ಬದಲ್ಲಿ ಮಕ್ಕಳು ಹಟ ಹಿಡಿದು ಕೊಡಿಸಿಕೊಂಡದ್ದು. ಗಲ್ಫಿನಲ್ಲಿರುವ ನಮ್ಮ ಕಡೆಯ ಹುಡುಗರು ಮಾತ್ರ ಫೋನ್ ಮಾಡಿ ವಿಚಾರಿಸುವುದು ಏರ್‌ಸಾಫ್ಟ್ ರೈಫಲ್ ಬಗ್ಗೆ. 'ಊರಿಗೆ ಬರುವಾಗ ಒಂದು ತರಲಾ ಅಣ್ಣ? ಹಾಳಾದ್ರೆ ನೀವು ಸರಿ ಮಾಡ್ತ್ರಿಯಲ್ದಾ?'

ಸರಿಮಾಡುವುದೇನೋ ಮಾಡಬಹುದು. ತರುವುದು ಬೇಡ ಅನ್ನುತ್ತೇನೆ. ಯಾಕೆ ಅಂತ ಹೇಳುವ ಮೊದಲು ಅದರ ಹೊಟ್ಟೆಯೊಳಗೇನಿದೆ ನೋಡೋಣ.

ಹೊರಗಿನಿಂದ ಥೇಟ್ ಸೈನಿಕರ ರೈಫಲ್. ಹಾರುವುದು ಮಾತ್ರ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು, ತೂಕ ಸಾಮಾನ್ಯವಾಗಿ 0.20 ಗ್ರಾಂ. ಇದು ಜಪಾನಿನಲ್ಲಿ ಹುಟ್ಟಿದ ಆಟ. ಅಲ್ಲಿ ಜನಸಾಮಾನ್ಯರಿಗೆ ನಿಜವಾದ ಬಂದೂಕು ಸಿಗುವುದು ಬಲು ಕಷ್ಟ. ಟೋಕಿಯೊ ಮಾರುಯಿ ಕಂಪನಿ 1991ರಲ್ಲಿ ಫ್ರಾನ್ಸಿನ ಫಾಮಾಸ್ ರೈಫಲ್ಲಿನ ಆಕಾರದಲ್ಲಿ ಬ್ಯಾಟರಿ ಮಾದರಿಯೊಂದನ್ನು ತಂದಿತು. ಇವತ್ತಿನ ಎಲೆಕ್ಟ್ರಿಕ್ ಏರ್‌ಸಾಫ್ಟ್‌ಗಳೆಲ್ಲ ಹೆಚ್ಚುಕಡಿಮೆ ಅದರ ಸಂತಾನವೇ.

ಟ್ರಿಗರ್ ಒತ್ತಿದರೆ ಬ್ರಷ್ ಇರುವ ಸಣ್ಣ ಡಿಸಿ ಮೋಟರ್ ತಿರುಗುತ್ತದೆ. ಅದು ಮೂರು ಗಿಯರ್‌ಗಳನ್ನು ತಿರುಗಿಸುತ್ತದೆ. ಕೊನೆಯ ಗಿಯರಿನ ಅರ್ಧ ಭಾಗಕ್ಕಷ್ಟೇ ಹಲ್ಲು. ಹಲ್ಲಿರುವಷ್ಟು ಹೊತ್ತು ಅದು ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗ್ ಅದುಮುತ್ತದೆ, ಹಲ್ಲು ಮುಗಿದ ಕೂಡಲೇ ಬಿಟ್ಟುಬಿಡುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗಿ ಸಿಲಿಂಡರಿನ ಗಾಳಿಯನ್ನು ಗುಂಡಿನ ಬೆನ್ನಿಗೆ ತಳ್ಳುತ್ತದೆ. ನಾವು ಸಣ್ಣವರಿದ್ದಾಗ ಬಿದಿರಿನ ಕೊಳವೆಗೆ ಕಾಯಿ ತುಂಬಿ ಕೋಲಿನಿಂದ ತಳ್ಳಿ 'ಟಪ್' ಎನ್ನಿಸುತ್ತಿದ್ದೆವಲ್ಲ, ಅದೇ ಕಸುಬು. ಕೋಲು ತಳ್ಳುವ ಕೈಯ ಕೆಲಸವನ್ನು ಇಲ್ಲಿ ಮೋಟರ್ ಮಾಡುತ್ತದೆ, ಸೆಕೆಂಡಿಗೆ ಹತ್ತಾರು ಸಲ.

ಬೈಂದೂರಿನ ಕಡೆಯ ಒಬ್ಬ ಹುಡುಗ ತನ್ನ ಜೆಲ್ ಕೋವಿಯನ್ನು ತಂದಿಟ್ಟ. ಸ್ಪ್ರಿಂಗ್ ತಾನೇ ಬದಲಿಸಿದ್ದನಂತೆ, 'ಪವರ್ ಸಾಲಲಿಲ್ಲ' ಅಂತ. ಒಳ್ಳೆಯ ಜೆಲ್ ಕೋವಿಗಳ ಗಿಯರ್ ಬಾಕ್ಸ್ ಏರ್‌ಸಾಫ್ಟಿನದ್ದರ ನಕಲೇ, ನೈಲಾನಿನಲ್ಲಿ. ಸ್ಕ್ರೂ ಬಿಚ್ಚಿ ತೆರೆದರೆ ಗ್ರೀಸಿನಲ್ಲಿ ಬಿಳಿ ಪುಡಿ. ಪಿಸ್ಟನ್ನಿನ ಮೊದಲ ಎರಡು ಹಲ್ಲು ಸವೆದು ನುಣ್ಣಗಾಗಿದ್ದವು. ಟ್ರಿಗರಿನ ತಾಮ್ರದ ಪಟ್ಟಿ ಕಿಡಿ ಹಾರಿ ಹಾರಿ ಕರ‍್ರಗಾಗಿತ್ತು. ಮೋಟರಿನ ಬ್ರಷ್ ಮೂಸಿದರೆ ನನ್ನಂಥವರಿಗೆ ಗುರುತು ಸಿಗುವ ಆ ಸುಟ್ಟ ವಾಸನೆ. ಸ್ಪ್ರಿಂಗ್ ಬಿಗಿಯಾಗಿದೆ, ಉಳಿದದ್ದೆಲ್ಲ ಮೊದಲಿನದ್ದೇ. ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ.

ಏರ್‌ಸಾಫ್ಟ್ ಸ್ಪ್ರಿಂಗುಗಳಿಗೆ ಎಂ100, ಎಂ120 ಅಂತ ಹೆಸರಿಡುವುದು ಸೆಕೆಂಡಿಗೆ ಹೆಚ್ಚುಕಡಿಮೆ ಎಷ್ಟು ಮೀಟರ್ ವೇಗ ಬರುತ್ತದೆ ಅನ್ನುವ ಲೆಕ್ಕದಲ್ಲಿ. 0.20 ಗ್ರಾಂ ಗುಂಡು 100 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 1 ಜೂಲ್. 120ಕ್ಕೆ ಏರಿಸಿದರೆ 1.44 ಜೂಲ್. ಅಂದರೆ ವೇಗ ಐದರಲ್ಲೊಂದು ಪಾಲು ಏರಿದ್ದಕ್ಕೆ ಏಟು ಹತ್ತಿರ ಹತ್ತಿರ ಅರ್ಧದಷ್ಟು ಜಾಸ್ತಿ. ಜಪಾನಿನಲ್ಲಿ 2006ರ ಕಾನೂನು ಈ ಗಾತ್ರದ ಗುಂಡಿಗೆ ಮಿತಿ ಹಾಕಿದ್ದೇ 0.98 ಜೂಲ್‌ಗೆ. ಕಣ್ಣಿಗೆ ಬಿದ್ದರೆ ಅದೂ ಸಾಕು. ಸುತ್ತಲೂ ಮುಚ್ಚುವ ಗಾಗಲ್ ಇಲ್ಲದೆ ಈ ಆಟ ಆಡುವವನ ಜತೆ ನನಗೆ ಮಾತಿಲ್ಲ.

ಅಪ್‌ಗ್ರೇಡ್ ಮಾಡಲೇಬೇಕೆಂದರೆ ಸ್ಪ್ರಿಂಗ್ ಮುಟ್ಟದೆ ಗಾಳಿ ಸೋರುವುದನ್ನು ನಿಲ್ಲಿಸಿ: ಪಿಸ್ಟನ್ನಿನ ಓ-ರಿಂಗ್, ಸಿಲಿಂಡರ್, ನಾಝಲ್. ಆಮೇಲೆ ಹಾಪ್-ಅಪ್ ರಬ್ಬರ್. ನಳಿಗೆಯ ಬುಡದಲ್ಲಿರುವ ಈ ಸಣ್ಣ ರಬ್ಬರ್ ಗುಂಡಿನ ನೆತ್ತಿಯನ್ನು ಸವರಿ ಅದನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಹಾಗೆ ತಿರುಗುವ ಗುಂಡನ್ನು ಗಾಳಿ ಮೇಲಕ್ಕೆ ಎತ್ತಿ ಹಿಡಿಯುವುದರಿಂದ ಅದೇ ಶಕ್ತಿಯಲ್ಲಿ ಅದು ಇನ್ನಷ್ಟು ದೂರ ನೇರವಾಗಿ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯ ಕಾಟ ಬೇರೆ. ಗಂಗೊಳ್ಳಿ, ಮರವಂತೆ ಬದಿಯಿಂದ ಬಂದ ಯಾವ ಮೋಟರ್ ಬಿಚ್ಚಿದರೂ ಟರ್ಮಿನಲ್ಲಿಗೆ ಹಸಿರು ಹಿಡಿದಿರುತ್ತದೆ. ಕೋವಿಯ ಬ್ಯಾಟರಿಯ ಮೇಲೂ ಕಣ್ಣಿರಲಿ; ಲಿಥಿಯಂ ಬ್ಯಾಟರಿ ಊದಿಕೊಂಡಿದ್ದರೆ ಚಾರ್ಜಿಗೆ ಹಾಕಬೇಡಿ.

ಬ್ರಹ್ಮಾವರ ಕಡೆಯ ತೆಂಗಿನ ತೋಟದವರೊಬ್ಬರು ಪಂಪ್ ಒಯ್ಯಲು ಬಂದವರು ಮೇಜಿನ ಮೇಲಿದ್ದದ್ದನ್ನು ಕಂಡು ಕೇಳಿದ್ದು ಒಂದೇ ಪ್ರಶ್ನೆ: 'ಹ್ವಾಯ್, ಇದ್ರಲ್ಲಿ ಮಂಗ ಓಡ್ಸುಕ್ ಆತ್ತಾ?' ಮಂಗ, ನವಿಲಿನ ಉಪದ್ರ ಉಂಡವರಿಗೇ ಗೊತ್ತು. ಆದರೆ ಇಷ್ಟು ಹಗುರದ ಗುಂಡು ತೆಂಗಿನಮರದ ತಲೆ ಮುಟ್ಟುವುದರೊಳಗೆ ಗಾಳಿಗೆ ಎತ್ತಲೋ ಹೋಗುತ್ತದೆ. ಅಕಸ್ಮಾತ್ ತಾಗಿ ಪ್ರಾಣಿಗೆ ಗಾಯವಾದರೆ 1972ರ ವನ್ಯಜೀವಿ ಕಾಯ್ದೆ ಇದೆ. ಬೇಡ ಎಂದೆ. ಅವರಿಗೆ ಅಷ್ಟು ಸಮಾಧಾನ ಆದಂತಿರಲಿಲ್ಲ.

ಇನ್ನು ಹೊರದೇಶದಿಂದ ತರುವ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 20 ಜೂಲ್ ಮೀರದ, .177 ಇಂಚು ಅಂದರೆ 4.5 ಮಿಲಿಮೀಟರ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಏರ್‌ಸಾಫ್ಟಿನ ಶಕ್ತಿ ಸುಮಾರು ಅದರ ಇಪ್ಪತ್ತರಲ್ಲೊಂದು ಪಾಲು. ಆದರೆ ನಳಿಗೆ 6 ಮಿಲಿಮೀಟರಿಗಿಂತಲೂ ಚೂರು ಅಗಲ! ನಿಯಮವನ್ನು ಅಕ್ಷರಕ್ಕೆ ಅಕ್ಷರ ಓದುವ ಅಧಿಕಾರಿಯ ಮುಂದೆ ನಿಮ್ಮ ವಾದ ನಿಲ್ಲುವುದು ಕಷ್ಟ. ಸ್ಪ್ರಿಂಗ್, ಗಾಳಿ, ಗ್ಯಾಸಿನ ಬಂದೂಕುಗಳ ಆಮದು ಹೇಗೂ ನಿರ್ಬಂಧಿತ ಪಟ್ಟಿಯಲ್ಲಿದೆ. 'ಇದು ಆಟಿಕೆ ಸಾರ್' ಎಂದಿರೋ, ಅಲ್ಲೂ ಸುಖವಿಲ್ಲ. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಐಎಸ್‌ಐ ಗುರುತೂ ಕಡ್ಡಾಯ. ಏರ್‌ಸಾಫ್ಟ್ ಕಂಪನಿಗಳೋ, ದೊಡ್ಡವರಿಗೆ ಮಾತ್ರ ಎಂದು ಡಬ್ಬಿಯ ಮೇಲೇ ಅಚ್ಚು ಹಾಕಿರುತ್ತವೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಸ್ಕ್ಯಾನರಿನಲ್ಲಿ ರೈಫಲ್ಲಿನ ನೆರಳು ಮೂಡಿದ ಮೇಲೆ ಇದನ್ನೆಲ್ಲ ವಿವರಿಸುತ್ತ ನಿಲ್ಲುವ ಉಮೇದು ಯಾರಿಗಿದೆ? ದುಬೈನಲ್ಲಿ ಆಡುವ ಜಾಗವಿದ್ದರೆ ಅಲ್ಲೇ ಬಾಡಿಗೆಗೆ ಹಿಡಿದು ಆಡಿ ಬನ್ನಿ ಎನ್ನುತ್ತೇನೆ.

ಒಂದು ಕೆಲಸವನ್ನು ಮಾತ್ರ ನಾನು ದುಡ್ಡು ಕೊಟ್ಟರೂ ಮಾಡುವುದಿಲ್ಲ. ಇಂಥ ಆಟಿಕೆಗಳ ಮೂತಿಗೆ ಕಿತ್ತಳೆ ಬಣ್ಣ ಇರುತ್ತದೆ. ಅಮೆರಿಕದಲ್ಲಿ ಅದು ಕಾನೂನು. 'ಅಣ್ಣ, ಇದ್ಕೆ ಕಪ್ಪು ಸ್ಪ್ರೇ ಹೊಡ್ದ್ ಕೊಡಿ' ಎಂದು ಬೈಂದೂರಿನ ಅದೇ ಹುಡುಗ ಕೇಳಿದ. ಚುನಾವಣೆ ಬಂತೆಂದರೆ ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರೇ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ಊರು ನಮ್ಮದು. ಹೆದ್ದಾರಿಯಲ್ಲಿ ರಾತ್ರಿ ನಾಕಾಬಂದಿ ಇರುವಾಗ ಬೈಕಿನ ಹಿಂದೆ ಕಪ್ಪು ರೈಫಲ್ ಕಟ್ಟಿಕೊಂಡು ಶಿರೂರಿನ ತನಕ ಹೋಗುತ್ತೀಯೇನೋ ಮಾರಾಯಾ ಎಂದು ಕೇಳಿದೆ. ಹೊಸ ಪಿಸ್ಟನ್, ಹಳೆಯ ಸ್ಪ್ರಿಂಗ್ ಹಾಕಿ, ಮೂತಿ ಕಿತ್ತಳೆಯಾಗಿಯೇ ಕೊಟ್ಟು ಕಳಿಸಿದೆ. ಮಜೂರಿಯಲ್ಲಿ ಅವನು ಚೌಕಾಸಿ ಮಾಡಿದ.