ಎಡಿನ್‌ಬರೋದ ಗುಡ್ಡದ ಮೇಲೆ ಒಂದು ಸುತ್ತು ಗಾಲ್ಫ್

ಕಾರ್ಯದರ್ಶಿಯಾದವನು ಈ ಪುಟಗಳಲ್ಲಿ ಗೊಬ್ಬರದ ದಾಸ್ತಾನು, ಸಾಲದ ಕಂತು, ಬೋರ್ಡೋ ದ್ರಾವಣ ಇವುಗಳ ವಿಷಯ ಬರೆಯುವುದು ವಾಡಿಕೆ. ಈ ಬಾರಿ ಗಾಲ್ಫ್ ಆಟದ ವಿಷಯ ಬರೆಯುತ್ತಿದ್ದೇನೆ. ಸದಸ್ಯ ಬಾಂಧವರು ನಗಬಾರದು. ಮುಂದಿನ ಮಹಾಸಭೆಗೆ ಬರಲಿರುವ ಒಂದು ವಿಷಯಕ್ಕೂ ಇದಕ್ಕೂ ನಂಟಿದೆ.

ಮಲೆನಾಡಿಗೂ ಕೊಡಗಿಗೂ ಗಾಲ್ಫ್ ಹೊಸತಲ್ಲ. ದೊರೆಗಳ ಕಾಲದಲ್ಲಿ ಪ್ಲಾಂಟರುಗಳ ಕ್ಲಬ್ಬುಗಳೊಡನೆ ಬಂದ ಆಟ ಅದು. ಆದರೆ ನಮ್ಮಂಥ ಮೂರು ನಾಲ್ಕು ಎಕರೆಯವರಿಗೆ ಅದು ಬೇಲಿಯಾಚೆಯ ಆಟ. ಹುಡುಗನಾಗಿದ್ದಾಗ ನಾನೂ ಒಂದು ಕ್ಲಬ್ಬಿನ ಬೇಲಿಯ ಹೊರಗೆ ನಿಂತು, ಪೊದೆಗೆ ಬಿದ್ದ ಚೆಂಡು ಹುಡುಕಿಕೊಟ್ಟು ನಾಲ್ಕಾಣೆ ಪಡೆದವನೇ. ಒಮ್ಮೆ ಹುಲ್ಲಿನ ಮೇಲೆ ಕಾಲಿಟ್ಟದ್ದಕ್ಕೆ ಕಾವಲುಗಾರ ಕಿವಿ ಹಿಂಡಿ ಹೊರಗಟ್ಟಿದ. ಅದು ಇನ್ನೂ ಮರೆತಿಲ್ಲ.

ಕಳೆದ ಮೇ ತಿಂಗಳಲ್ಲಿ, ಕಾಫಿಗೆ ಹೂಮಳೆ ಬಂದುಹೋಗಿ ಅಡಿಕೆಯ ಮೊದಲ ಸಿಂಪರಣೆಗೆ ಇನ್ನೂ ದಿನಗಳಿದ್ದಾಗ, ಮಗ ಕೆಲಸದಲ್ಲಿರುವ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋಗಿದ್ದೆ. ಆ ದೇಶವೇ ಗಾಲ್ಫಿನ ತವರು. ಜನ ಬಿಲ್ವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದರೆಂದು 1457ರಲ್ಲೇ ಅಲ್ಲಿಯ ಪಾರ್ಲಿಮೆಂಟು ಈ ಆಟವನ್ನು ನಿಷೇಧಿಸಿತ್ತು.

ನಗರದ ದಕ್ಷಿಣ ಅಂಚಿನಲ್ಲಿ ಬ್ರೇಡ್ ಹಿಲ್ಸ್ ಎಂಬ ಗುಡ್ಡವಿದೆ. ಎತ್ತರ ಸುಮಾರು 200 ಮೀಟರು. ನಮ್ಮ ಮುಳ್ಳಯ್ಯನಗಿರಿಯ ಮುಂದೆ ಒಂದು ಹುತ್ತ. 1889ರಿಂದ ಅಲ್ಲಿ ಗಾಲ್ಫ್ ಅಂಗಳವಿದೆ. ಅದು ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ, ಊರಿನದು. ಶುಲ್ಕ ಕೊಟ್ಟವರು ಯಾರೂ ಆಡಬಹುದು. ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡೂ 1931ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಟಾಮಿ ಆರ್ಮರ್ ಆಡಿ ಬೆಳೆದದ್ದು ಈ ಗುಡ್ಡದಲ್ಲೇ.

ಮಗ ಎರಡು ದಿನ ದಾಂಡು ಹಿಡಿಯುವುದನ್ನು ಕಲಿಸಿ ಮೂರನೆಯ ದಿನ ಅಲ್ಲಿಗೆ ಕರೆದೊಯ್ದ. ನಮ್ಮ ಜೊತೆಗೆ ನಿವೃತ್ತ ಬಸ್ ಚಾಲಕರೊಬ್ಬರು ಸೇರಿಕೊಂಡರು. ಒಟ್ಟು 18 ಕುಳಿ. ಒಂದೊಂದರ ಅಗಲ ನಾಲ್ಕೂಕಾಲು ಅಂಗುಲ. ಅಲ್ಲಲ್ಲಿ ಬಂಡೆ ತಲೆ ಎತ್ತಿರುತ್ತದೆ. ಎರಡೂ ಕಡೆ ಗಾರ್ಸ್ ಎಂಬ ಮುಳ್ಳುಪೊದೆ ಹಳದಿ ಹೂ ಬಿಟ್ಟು ನಿಂತಿರುತ್ತದೆ. ನೋಡಲು ಚಂದ, ಚೆಂಡು ಒಳಹೊಕ್ಕರೆ ನಮ್ಮ ಲಂಟಾನದ ಮಟ್ಟಿಯೇ ಸರಿ.

ಇಳಿಜಾರಿನಲ್ಲಿ ತೋಳಿನ ಬಲ ನಡೆಯುವುದಿಲ್ಲ. ಏರಿಗೆ ಹೊಡೆದ ಚೆಂಡು ಬೇಗ ನಿಲ್ಲುತ್ತದೆ. ನಿಂತ ಜಾಗಕ್ಕಿಂತ ಚೆಂಡು ಮೇಲಿದ್ದರೆ ಬಲಗೈಯವನ ಹೊಡೆತ ಎಡಕ್ಕೆ ವಾಲುತ್ತದೆ, ಕೆಳಗಿದ್ದರೆ ಬಲಕ್ಕೆ. ಐದನೆಯ ಕುಳಿಯವರೆಗೆ ನಾನು ಬೆವರಿದ್ದೇ ಬಂತು. ಆಗ ಆ ಚಾಲಕರು, ಕುಳಿಯ ಬಳಿ ಒಂದು ಕೊಡ ನೀರು ಸುರಿದರೆ ಎತ್ತ ಹರಿದೀತೆಂದು ನೋಡಿ, ಚೆಂಡೂ ಅತ್ತಲೇ ಹೋಗುತ್ತದೆ ಎಂದರು. ಇದನ್ನು ನನಗೆ ಹೇಳಿಕೊಡಬೇಕೆ? ಮೂವತ್ತು ವರ್ಷ ಕಪ್ಪು ತೋಡಿಸಿ, ಬಸಿಗಾಲುವೆ ಎಳೆಸಿ ನೀರಿನ ಹಿಂದೆ ನಡೆದವನು ನಾನು. ಮುಂದಿನ ಕುಳಿಗೆ ಇಪ್ಪತ್ತು ಅಡಿಯಿಂದ ಚೆಂಡು ಬಳಸಿಕೊಂಡು ಹೋಗಿ ಒಳಗೆ ಬಿತ್ತು. ಚಾಲಕರು ಟೋಪಿ ತೆಗೆದರು.

ಒಟ್ಟು ಲೆಕ್ಕ ಕೇಳಬೇಡಿ. ಬಲ್ಲವರು ಎಪ್ಪತ್ತರ ಆಸುಪಾಸಿನಲ್ಲಿ ಮುಗಿಸುವ ಸುತ್ತಿಗೆ ನನಗೆ 137 ಹೊಡೆತ ಬೇಕಾಯಿತು, ಚೆಂಡು ನಾಲ್ಕು ಹೋದವು.

ತುದಿಯಲ್ಲಿ ನಿಂತಾಗ ಕೆಳಗೆ ಇಡೀ ಊರು, ಕೋಟೆ, ಅದರಾಚೆ ಕಡಲ ಹಿನ್ನೀರು ಕಂಡಿತು. ನಾಯಿ ಹಿಡಿದ ಮುದುಕಿಯೊಬ್ಬಳು, ಶಾಲೆಯ ಹುಡುಗರು ನಡುವೆಯೇ ದಾಟಿ ಹೋದರು. ಆಡುವವರು ತಡೆದು ನಿಂತರು. ಯಾರೂ ಯಾರ ಕಿವಿಯನ್ನೂ ಹಿಂಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘದ ಗೋದಾಮಿನ ಹಿಂದಿನ ಎರಡು ಎಕರೆ ಗುಡ್ಡವನ್ನು ಹೋಂಸ್ಟೇಯವರಿಗೆ ಗುತ್ತಿಗೆ ಕೊಡಬೇಕೆಂಬ ಸೂಚನೆ ಬಂದಿದೆ. ಬರುವ ಹಣ ಸಣ್ಣದಲ್ಲ, ಸಂಘಕ್ಕೆ ಅದರ ಅಗತ್ಯವೂ ಇದೆ. ಆದರೆ ಸಂಜೆ ನಮ್ಮ ಮತ್ತು ನಮ್ಮ ಕೆಲಸದವರ ಮಕ್ಕಳು ಆಡುವುದು ಅಲ್ಲೇ. ಗುತ್ತಿಗೆಯಾದ ಮರುದಿನ ಬೇಲಿ ಬರುತ್ತದೆ, ಬೇಲಿಗೊಬ್ಬ ಕಾವಲುಗಾರ ಬರುತ್ತಾನೆ.

ಕಾರ್ಯದರ್ಶಿಯಾಗಿ ಲೆಕ್ಕವನ್ನು ಸಭೆಯ ಮುಂದಿಡುವುದು ನನ್ನ ಕರ್ತವ್ಯ, ಇಡುತ್ತೇನೆ. ಸದಸ್ಯನಾಗಿ ನನ್ನ ಮತ ಮಾತ್ರ ಗುಡ್ಡ ಬಯಲಾಗಿಯೇ ಇರಲಿ ಎಂಬುದು. ತಾವೆಲ್ಲರೂ ತಪ್ಪದೆ ಸಭೆಗೆ ಬಂದು ತಮ್ಮ ಅಭಿಪ್ರಾಯ ಹೇಳಬೇಕಾಗಿ ವಿನಂತಿ.