ಲಾವಾ ದ್ವೀಪಕ್ಕೆ ಪ್ರವಾಸ: ಕೊಳ್ಳೇಗಾಲದಿಂದ ಹೊರಡುವ ಮುನ್ನ ತಿಳಿದಿರಬೇಕಾದದ್ದು

ಕೊಳ್ಳೇಗಾಲ: ದಸರಾ ರಜೆ ಮುಗಿಯುತ್ತಿದ್ದಂತೆ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಶಾಲೆಗಳಲ್ಲಿ ವಾರ್ಷಿಕ ಪ್ರವಾಸದ ಸಿದ್ಧತೆ ಆರಂಭವಾಗುತ್ತದೆ. ಬೆಟ್ಟ, ಕಾಡು, ಜಲಪಾತಗಳ ನಡುವೆಯೇ ಬೆಳೆಯುವ ಇಲ್ಲಿನ ಮಕ್ಕಳಿಗೆ ಮಲೆ ಮಹದೇಶ್ವರ ಬೆಟ್ಟವಾಗಲಿ, ಬಿಳಿಗಿರಿರಂಗನ ಬೆಟ್ಟವಾಗಲಿ, ಭರಚುಕ್ಕಿಯಾಗಲಿ ಹೊಸತಲ್ಲ. ಅವರು ಕಾಣದಿರುವುದು ಸಮುದ್ರ. ಆದ್ದರಿಂದಲೇ ಪ್ರವಾಸದ ಪಟ್ಟಿಯಲ್ಲಿ ಉಡುಪಿ, ಮಲ್ಪೆ, ಮುರುಡೇಶ್ವರಗಳ ಹೆಸರು ಸಹಜವಾಗಿಯೇ ಸೇರುತ್ತದೆ.

ಅತ್ತ ನಗರಗಳಲ್ಲಿ ನೆಲೆಸಿರುವ ಕುಟುಂಬಗಳ ಕನಸು ಇನ್ನೂ ದೂರದ್ದು. ಅಟ್ಲಾಂಟಿಕ್ ಮಹಾಸಾಗರದ ಕ್ಯಾನರಿ, ಅಜೋರ್ಸ್, ಮಡೀರಾ ದ್ವೀಪಸಮೂಹಗಳ ಕಪ್ಪು ಮರಳು, ಜ್ವಾಲಾಮುಖಿ ಶಿಖರಗಳ ಚಿತ್ರಗಳು ಮೊಬೈಲ್ ಪರದೆಯ ಮೇಲೆ ದಿನವೂ ಹಾದು ಹೋಗುತ್ತವೆ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪಸಮೂಹವೊಂದು ನಮ್ಮ ರಾಜ್ಯದಲ್ಲಿಯೇ, ಮಲ್ಪೆ ಬಂದರಿನಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿದೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಅದೇ ಸೇಂಟ್ ಮೇರೀಸ್ ದ್ವೀಪಸಮೂಹ. ಸ್ಥಳೀಯರಲ್ಲಿ ಇದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಇದೆ.

ಹತ್ತಿರವಿದೆ ಎಂದ ಮಾತ್ರಕ್ಕೆ ಇದು ಸುಲಭದ ಪ್ರವಾಸವೆಂದು ತಿಳಿಯಬಾರದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರ ಪಾಲಾದರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಅವರೂ ಶಾಲಾ ಪ್ರವಾಸಕ್ಕೆ ಬಂದವರು. ಕೊಳ್ಳೇಗಾಲದ ಮಕ್ಕಳಂತೆಯೇ ಕಡಲಿಲ್ಲದ ಜಿಲ್ಲೆಯವರು. ಆದ್ದರಿಂದ ಇಂತಹ ಪ್ರವಾಸದ ಯೋಜನೆ ಬಸ್ಸು ಮತ್ತು ವಸತಿಯ ಲೆಕ್ಕಾಚಾರದಿಂದ ಆರಂಭವಾಗದೆ ಸಮುದ್ರವನ್ನು ಅರಿಯುವುದರಿಂದ ಆರಂಭವಾಗಬೇಕು.

ಕಡಲ ನಡುವಿನ ಕಲ್ಲಿನ ಕಂಬಗಳು

ಸೇಂಟ್ ಮೇರೀಸ್ ದ್ವೀಪಸಮೂಹದಲ್ಲಿ ಮುಖ್ಯವಾಗಿ ನಾಲ್ಕು ದ್ವೀಪಗಳಿವೆ: ಕೋಕೊನಟ್ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ಪ್ರವಾಸಿಗರು ಹೋಗುವುದು ಕೋಕೊನಟ್ ದ್ವೀಪಕ್ಕೆ. ಅದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್ ಮಾತ್ರ.

ದಡಕ್ಕೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಜೋಡಿಸಿಟ್ಟಂತೆ ನಿಂತಿರುವ ಬಹುಭುಜಾಕೃತಿಯ ಕಲ್ಲಿನ ಕಂಬಗಳು. ಬಹುತೇಕ ಕಂಬಗಳಿಗೆ ಐದು, ಆರು ಅಥವಾ ಏಳು ಮುಖಗಳಿವೆ. ಕೆಲವು ಸುಮಾರು ಆರು ಮೀಟರ್ ಎತ್ತರದವರೆಗೂ ಇವೆ. ಇವು ಯಾವ ಶಿಲ್ಪಿಯ ಕೆಲಸವೂ ಅಲ್ಲ. ಭೂಮಿಯೊಳಗಿನಿಂದ ಹೊರಬಂದ ಲಾವಾರಸ ತಣಿಯುವಾಗ ಕುಗ್ಗಿತು. ಕುಗ್ಗಿದಾಗ ಮೇಲ್ಮೈ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳದ ಮಣ್ಣು ಹೇಗೆ ಬಿಲ್ಲೆಬಿಲ್ಲೆಯಾಗಿ ಸೀಳುವುದೋ ಅದೇ ಬಗೆ. ಲಾವಾ ತಣಿಯುತ್ತಾ ಹೋದಂತೆ ಬಿರುಕುಗಳೂ ಆಳಕ್ಕೆ ಇಳಿದವು. ಬಿರುಕುಗಳ ನಡುವೆ ಉಳಿದ ಕಲ್ಲೇ ಇಂದು ಕಂಬವಾಗಿ ಕಾಣುತ್ತದೆ.

ಈ ಲಾವಾ ಹೊರಬಂದದ್ದು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ಎಂದು ಭೂವಿಜ್ಞಾನಿಗಳು ಅಂದಾಜಿಸಿದ್ದಾರೆ. ಅಂದು ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು, ಬೇರ್ಪಡುವ ಹಂತದಲ್ಲಿದ್ದವು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲಿಯೂ ದೊರೆತಿರುವುದು ಈ ವಾದಕ್ಕೆ ಬಲ ನೀಡಿದೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರವನ್ನು ಆವರಿಸಿರುವ ದಖನ್ ಲಾವಾ ಪದರಗಳು ಇದಕ್ಕಿಂತ ಈಚಿನವು. ಅವುಗಳ ವಯಸ್ಸು ಸುಮಾರು ಆರೂವರೆ ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ರಾಜ್ಯದಲ್ಲಿರುವ ಇಂತಹ ಇತರ ಸ್ಮಾರಕಗಳೆಂದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು.

ಚಾಮರಾಜನಗರ ಜಿಲ್ಲೆಯವರಿಗೆ ಈ ಪಾಠ ತೀರ ಅಪರಿಚಿತವಲ್ಲ. ಇಲ್ಲಿನ ಕ್ವಾರಿಗಳಿಂದ ಹೊರದೇಶಗಳಿಗೂ ಹೋಗುವ ಕರಿಕಲ್ಲು ಕೂಡ ಶಿಲಾಪಾಕ ತಣಿದು ಆದದ್ದೇ. ಭೂಮಿಯ ಮೇಲಕ್ಕೆ ಬರಲಾರದೆ ಒಳಗಿನ ಬಿರುಕುಗಳಲ್ಲಿಯೇ ಅದು ಗಟ್ಟಿಯಾಯಿತು ಎಂಬುದಷ್ಟೇ ವ್ಯತ್ಯಾಸ. ಬಿಳಿಗಿರಿರಂಗನ ಬೆಟ್ಟದ ಬಂಡೆಗಳಂತೂ 250 ಕೋಟಿ ವರ್ಷಗಳಿಗೂ ಹಿಂದಿನವು. ಪ್ರವಾಸಕ್ಕೆ ಮೊದಲು ಊರಿನ ಕರಿಕಲ್ಲಿನ ಒಂದು ತುಂಡನ್ನು ತರಗತಿಯಲ್ಲಿ ತೋರಿಸಿದರೆ, ಮಲ್ಪೆಯ ಕಂಬಗಳು ಮಕ್ಕಳಿಗೆ ಛಾಯಾಚಿತ್ರದ ಹಿನ್ನೆಲೆಯಾಗಿ ಮಾತ್ರ ಉಳಿಯುವುದಿಲ್ಲ.

ಅಟ್ಲಾಂಟಿಕ್‌ನ ನಂಟು

ಈ ದ್ವೀಪಕ್ಕೂ ಅಟ್ಲಾಂಟಿಕ್‌ನ ಜ್ವಾಲಾಮುಖಿ ದ್ವೀಪಗಳಿಗೂ ಚರಿತ್ರೆಯ ಸಂಬಂಧವೊಂದಿದೆ. ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮಾ 1497ರ ಜುಲೈನಲ್ಲಿ ಲಿಸ್ಬನ್‌ನಿಂದ ಹೊರಟು, ಕ್ಯಾನರಿ ದ್ವೀಪಗಳನ್ನು ಹಾದು, ಕೇಪ್ ವರ್ಡೆ ದ್ವೀಪಗಳಲ್ಲಿ ತಂಗಿ ಮುಂದುವರಿದನು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ನಮ್ಮ ಕರಾವಳಿಯ ಬಳಿಯ ದ್ವೀಪವೊಂದರಲ್ಲಿ ಸಂತ ಮೇರಿಯ ಹೆಸರಿನ ಕಲ್ಲಿನ ಶಿಲುಬೆಗಂಬವನ್ನು ನೆಡಿಸಿದನು. ಸೇಂಟ್ ಮೇರೀಸ್ ಎಂಬ ಹೆಸರು ಬಂದದ್ದು ಅದರಿಂದಲೇ ಎಂಬುದು ಪ್ರಚಲಿತ ಅಭಿಪ್ರಾಯ. ತಾಯ್ನಾಡು ಸೇರುವ ಮೊದಲು, 1499ರಲ್ಲಿ, ಅವನ ಸೋದರ ಪಾವ್ಲೊ ಡ ಗಾಮಾ ಅಜೋರ್ಸ್‌ನ ಟೆರ್ಸೇರಾ ದ್ವೀಪದಲ್ಲಿ ಮರಣ ಹೊಂದಿದನು.

ಯಾವಾಗ ಹೋಗಬೇಕು?

ಮುಂಗಾರಿನ ತಿಂಗಳುಗಳಲ್ಲಿ ಈ ದ್ವೀಪಕ್ಕೆ ದೋಣಿ ಸಂಚಾರವಿರುವುದಿಲ್ಲ. ಸಾಮಾನ್ಯವಾಗಿ ಮೇ ಮಧ್ಯಭಾಗದಿಂದ ಸೆಪ್ಟೆಂಬರ್ ಮಧ್ಯದವರೆಗೆ ಉಡುಪಿ ಜಿಲ್ಲಾಡಳಿತವು ಪ್ರವಾಸಿಗರ ಪ್ರವೇಶವನ್ನು ನಿಷೇಧಿಸುತ್ತದೆ. ಬೇಸಿಗೆ ರಜೆಯ ಕೊನೆಯ ವಾರಗಳಿಗೆ ಪ್ರವಾಸವನ್ನು ಮುಂದೂಡಿದವರು ಮಲ್ಪೆಯ ದಡದಿಂದಲೇ ಹಿಂದಿರುಗಬೇಕಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಉತ್ತಮ. ಸಮುದ್ರ ಹೆಚ್ಚು ಶಾಂತವಾಗಿರುವುದು, ನೆರಳು ವಿರಳವಾದ ದ್ವೀಪದಲ್ಲಿ ಬಿಸಿಲು ಸಹನೀಯವಾಗಿರುವುದು ಆಗಲೇ.

ಆದರೆ ಅನುಕೂಲದ ತಿಂಗಳಲ್ಲಿಯೂ ಗಾಳಿ ಜೋರಾದರೆ ದೋಣಿಗಳು ನಿಲ್ಲುತ್ತವೆ. ಆದ್ದರಿಂದ ದ್ವೀಪಕ್ಕೆ ಒಂದೇ ದಿನ ಮೀಸಲಿಟ್ಟು, ಅದೇ ಸಂಜೆ ಹಿಂದಿರುಗುವ ಬಸ್ಸನ್ನು ಗೊತ್ತುಪಡಿಸುವುದು ಸರಿಯಲ್ಲ. ಒಂದು ದಿನವನ್ನು ಹೆಚ್ಚುವರಿಯಾಗಿ ಇಟ್ಟುಕೊಂಡು, ದೋಣಿ ಇಲ್ಲವಾದರೆ ಉಡುಪಿಯ ಕೃಷ್ಣಮಠ, ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳನ್ನು ನೋಡುವ ಪರ್ಯಾಯವನ್ನು ಮೊದಲೇ ನಿರ್ಧರಿಸಬೇಕು. ಪರ್ಯಾಯವಿಲ್ಲದ ಯೋಜನೆಯೇ 'ಇಷ್ಟು ದೂರ ಬಂದಿದ್ದೇವೆ, ಹೋಗಿಯೇ ಬರೋಣ' ಎಂಬ ಹಟಕ್ಕೆ ಕಾರಣವಾಗುತ್ತದೆ.

ಹೇಗೆ ಹೋಗಬೇಕು?

ಕೊಳ್ಳೇಗಾಲಕ್ಕೆ ಇಂದಿಗೂ ರೈಲು ಬಂದಿಲ್ಲ. ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರ ಮಾರ್ಗವಾಗಿ ಚಾಮರಾಜನಗರ ಮತ್ತು ಹೆಜ್ಜಾಲದ ನಡುವೆ 1990ರ ದಶಕದಲ್ಲಿ ಘೋಷಣೆಯಾದ ರೈಲು ಮಾರ್ಗ ಪೂರ್ಣಗೊಂಡಿಲ್ಲ. ಆದ್ದರಿಂದ ಮೂರೂ ತಾಲ್ಲೂಕುಗಳವರು ಮೊದಲು ಟಿ. ನರಸೀಪುರ ಮಾರ್ಗವಾಗಿ ಮೈಸೂರು ತಲುಪುವುದು ರೂಢಿ. ಅಲ್ಲಿಂದ ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಮಂಗಳೂರು ಮೂಲಕ ಉಡುಪಿಗೆ ರಸ್ತೆಯಿದೆ. ಒಟ್ಟು ದೂರ 350 ಕಿಲೋಮೀಟರ್‌ಗೂ ಹೆಚ್ಚು. ಘಾಟಿ ರಸ್ತೆಯ ನಿಧಾನವನ್ನು ಸೇರಿಸಿದರೆ ಇಡೀ ಒಂದು ಹಗಲಿನ ಪ್ರಯಾಣ. ರಾತ್ರಿಯಿಡೀ ಘಾಟಿಯಲ್ಲಿ ಬಸ್ಸು ಓಡಿಸಿ, ನಿದ್ದೆಗೆಟ್ಟ ಮಕ್ಕಳನ್ನು ಬೆಳಗ್ಗೆಯೇ ದೋಣಿ ಹತ್ತಿಸುವ ಪದ್ಧತಿಯನ್ನು ಬಿಡಬೇಕು. ಹಾಸನ, ಸುಬ್ರಹ್ಮಣ್ಯ ರಸ್ತೆ, ಮಂಗಳೂರು ಮಾರ್ಗವಾಗಿ ಸಾಗುವ ರೈಲನ್ನು ಮೈಸೂರಿನಲ್ಲಿ ಹಿಡಿಯುವುದು ಇನ್ನೊಂದು ದಾರಿ.

ಮಲ್ಪೆಯಿಂದ ದ್ವೀಪಕ್ಕೆ ದೋಣಿಯಲ್ಲಿ ಸುಮಾರು ಅರ್ಧ ಗಂಟೆಯ ಪ್ರಯಾಣ. ದ್ವೀಪದಲ್ಲಿ ಜನವಸತಿಯಿಲ್ಲ, ರಾತ್ರಿ ತಂಗುವಂತಿಲ್ಲ. ಕುಡಿಯುವ ನೀರು, ಟೋಪಿ, ಜಾರದ ಪಾದರಕ್ಷೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಯಲ್ಲಿರಬೇಕು. ಹೋಗುವಾಗಲೂ ಬರುವಾಗಲೂ ಜೀವರಕ್ಷಕ ಕವಚವನ್ನು ಧರಿಸಿ ಪಟ್ಟಿ ಬಿಗಿದುಕೊಳ್ಳಬೇಕು. ಒಯ್ದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತರಬೇಕು; ಕಲ್ಲನ್ನು ಕೆತ್ತಬಾರದು, ಒಡೆಯಬಾರದು.

ಹೊಳೆಯ ಈಜು, ಕಡಲ ಸೆಳೆತ

ಕಾವೇರಿ ದಂಡೆಯ ಊರುಗಳ ಅನೇಕ ಹುಡುಗರು ಈಜು ಬಲ್ಲವರು. ಶಿವನಸಮುದ್ರವೂ ದ್ವೀಪವೇ, ಕಾವೇರಿ ಎರಡು ಕವಲಾಗಿ ಒಡೆದು ಅದನ್ನು ಸುತ್ತುವರಿದಿದೆ. ಆದರೆ ಹೆಸರಿನಲ್ಲಿ ಸಮುದ್ರವಿದ್ದರೂ ಹೊಳೆಯ ನಿಯಮ ಬೇರೆ, ಕಡಲಿನ ನಿಯಮ ಬೇರೆ. ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನಲ್ಲಿ ದಡಕ್ಕೆ ನುಗ್ಗಿದ ನೀರು ಕಿರಿದಾದ ಜಾಡಿನಲ್ಲಿ ಒಮ್ಮೆಲೇ ಹಿಂದಕ್ಕೆ ಹರಿಯುತ್ತದೆ. ಈ ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದ ಕಡೆಗೆ ಈಜಲು ಹೆಣಗಿ ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಜಾಡಿನಿಂದ ಹೊರಬಂದ ನಂತರವೇ ದಡದತ್ತ ತಿರುಗಬೇಕು. ಅದು ಸಾಧ್ಯವಾಗದಿದ್ದರೆ ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು.

ಲಾವಾ ದ್ವೀಪದಲ್ಲಿ ಇನ್ನೊಂದು ಅಪಾಯವಿದೆ. ಅಲೆ ಬಡಿಯುವ ಕಂಬಗಳ ಮೇಲೆ ಪಾಚಿ ಕಟ್ಟಿರುತ್ತದೆ; ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವಾಗ ಕಾಲು ಜಾರಿದರೆ ಕೆಳಗಿರುವುದು ಮರಳಲ್ಲ, ಬಂಡೆ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಬರುತ್ತವೆ. ಅವುಗಳ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಬೆಳಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನದ ವೇಳೆಗೆ ಅಲೆಗೆ ಸಿಕ್ಕಿರಬಹುದು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಎತ್ತರದ ಅಲೆಗಳ ಮುನ್ನೆಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಹೊರಡುವ ಹಿಂದಿನ ಸಂಜೆ ಅದನ್ನು ನೋಡುವುದು ಪ್ರವಾಸದ ಉಸ್ತುವಾರಿ ಹೊತ್ತವರ ಕರ್ತವ್ಯ. ತುರ್ತು ಸಂದರ್ಭದಲ್ಲಿ 112, ಸಮುದ್ರದಲ್ಲಿ ರಕ್ಷಣೆಗಾಗಿ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು.

ಅಟ್ಲಾಂಟಿಕ್‌ಗೇ ಹೋಗುವುದಾದರೆ

ಜೀವಂತ ಜ್ವಾಲಾಮುಖಿಯನ್ನೇ ನೋಡಬೇಕೆನ್ನುವವರಿಗೆ ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳು ಸೂಕ್ತ. ಟೆನೆರೀಫ್ ದ್ವೀಪದ ಟೆಯ್ಡೆ ಶಿಖರದ ಎತ್ತರ 3,700 ಮೀಟರ್‌ಗೂ ಅಧಿಕ. ಸ್ಪೇನ್‌ನಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಅದರ ತುದಿಗೆ ಏರಲು ಮುಂಗಡ ಅನುಮತಿ ಬೇಕು. ಪೋರ್ಚುಗಲ್‌ನ ಅಜೋರ್ಸ್‌ನಲ್ಲಿ ಒಂಬತ್ತು ದ್ವೀಪಗಳಿವೆ. ಅಲ್ಲಿ ಮಳೆ, ಹಸಿರು ಎರಡೂ ಹೆಚ್ಚು.

ಕ್ಯಾನರಿ, ಅಜೋರ್ಸ್, ಮಡೀರಾ ಮೂರೂ ಷೆಂಗನ್ ವ್ಯಾಪ್ತಿಯಲ್ಲಿವೆ. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 15 ದಿನ ಮೊದಲಾದರೂ ಸಲ್ಲಿಸಿರಬೇಕು. ಬ್ರಿಟನ್‌ನಲ್ಲಿರುವ ಮಕ್ಕಳ ಮನೆಗೆ ಹೋಗಿ, ಅಲ್ಲಿಂದ ಕ್ಯಾನರಿಗೆ ಹೋಗಿಬರೋಣ ಎಂದುಕೊಳ್ಳುವ ತಂದೆ-ತಾಯಂದಿರು ಒಂದು ಅಂಶವನ್ನು ನೆನಪಿಡಬೇಕು: ಬ್ರಿಟನ್‌ನ ವೀಸಾ ಅಲ್ಲಿ ನಡೆಯುವುದಿಲ್ಲ, ಷೆಂಗನ್ ವೀಸಾವನ್ನು ಪ್ರತ್ಯೇಕವಾಗಿ ಪಡೆಯಬೇಕು. ಕೇಪ್ ವರ್ಡೆ ಸ್ವತಂತ್ರ ರಾಷ್ಟ್ರ. ಅದರ ನಿಯಮಗಳೇ ಬೇರೆ.

ಅಲ್ಲಿ ಕಡಲಿನೊಂದಿಗೆ ನೆಲವನ್ನೂ ಗಮನಿಸಬೇಕು. 2021ರ ಸೆಪ್ಟೆಂಬರ್ 19ರಂದು ಲಾ ಪಾಲ್ಮಾ ದ್ವೀಪದಲ್ಲಿ ಆರಂಭವಾದ ಜ್ವಾಲಾಮುಖಿ ಸ್ಫೋಟ 85 ದಿನ ಮುಂದುವರಿಯಿತು. ಸಾವಿರಾರು ಜನರನ್ನು ಸ್ಥಳಾಂತರಿಸಲಾಯಿತು. ಬೂದಿಯಿಂದಾಗಿ ವಿಮಾನ ಸಂಚಾರವೂ ಆಗಾಗ ಸ್ಥಗಿತಗೊಂಡಿತು. ಅಷ್ಟು ದೀರ್ಘ ಸ್ಫೋಟದಲ್ಲಿಯೂ ಸಾವುನೋವು ತೀರ ಕಡಿಮೆಯಾದದ್ದು ಭೂಕಂಪನಗಳ ಮೇಲೆ ನಿರಂತರ ನಿಗಾ ಇಟ್ಟು, ಜನರನ್ನು ಸಮಯಕ್ಕೆ ತೆರವುಗೊಳಿಸಿದ್ದರಿಂದ.

ಶಾಲೆಗಳು ಗಮನಿಸಲಿ

ಮಲ್ಪೆಗಾಗಲಿ, ಟೆನೆರೀಫ್‌ಗಾಗಲಿ, ದ್ವೀಪ ಪ್ರವಾಸದ ಯೋಜನೆಯ ತಿರುಳು ಒಂದೇ: ಎಚ್ಚರಿಕೆ ಬಂದಾಗ ನಿಲ್ಲಲು ಸಿದ್ಧವಿರುವುದು. ಶಾಲೆಗಳು ಇಲಾಖೆಯ ಅನುಮತಿ ಮತ್ತು ಪೋಷಕರ ಒಪ್ಪಿಗೆ ಪತ್ರ ಪಡೆಯುವುದರ ಜೊತೆಗೆ ಕೆಲವು ಸರಳ ಕ್ರಮಗಳನ್ನು ಪಾಲಿಸಬೇಕು. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಮಾಡಿ ಪ್ರತಿ ಗುಂಪಿಗೂ ಒಬ್ಬ ಶಿಕ್ಷಕರನ್ನು ಹೊಣೆ ಮಾಡಬೇಕು. ದೋಣಿ ಹತ್ತುವಾಗ, ಇಳಿಯುವಾಗ ಎಣಿಕೆ ನಡೆಯಬೇಕು. ಕೆಂಪು ಬಾವುಟವಿರುವೆಡೆ ನೀರಿಗೆ ಇಳಿಯಬಾರದು. ಜೀವರಕ್ಷಕ ಸಿಬ್ಬಂದಿಯ ಮಾತೇ ಕೊನೆಯ ಮಾತಾಗಬೇಕು.

ಪೋಷಕರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬಹುದು: ಸಮುದ್ರ ತೀರದಲ್ಲಿ ನನ್ನ ಮಗುವಿನ ಹೊಣೆ ಯಾರದು? ಅಂದು ದೋಣಿ ಹೊರಡದಿದ್ದರೆ ಏನು ಮಾಡುತ್ತೀರಿ? ಇವೆರಡಕ್ಕೂ ಶಾಲೆಯಿಂದ ಸ್ಪಷ್ಟ ಉತ್ತರ ದೊರೆತ ನಂತರವೇ ಸಹಿ ಹಾಕುವುದು ಒಳಿತು.