ಹುಣಸೆ ಮರದಡಿ ಇಬ್ಬನಿ ಏಕಿಲ್ಲ?

ಮಾಗಿಯ ಬೆಳಗು ಕೊಕ್ಕರೆ ಬೆಳ್ಳೂರಿನ ಹೊಲದಲ್ಲಿ ಅವರೆಸಾಲಿಗೆ ಕಾಲಿಟ್ಟರೆ ಪಂಚೆ ಮೊಣಕಾಲಿನವರೆಗೆ ತೊಯ್ದುಹೋಗುತ್ತದೆ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಎಂಬುದು ಈ ಕಡೆಯ ನಂಬುಗೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಹುಣಸೆ ಮರದ ಕೆಳಗೆ ಮಾತ್ರ ಹುಲ್ಲುಕಡ್ಡಿ ಅಷ್ಟಾಗಿ ನೆನೆದಿರುವುದಿಲ್ಲ. ಅದೇ ಗಾಳಿ, ಅದೇ ರಾತ್ರಿ. ಬಯಲು ಒದ್ದೆ, ಮರದಡಿ ಒಣ. ಇಬ್ಬನಿಯ ಗುಟ್ಟೆಲ್ಲ ಇಲ್ಲೇ ಇದೆ. ಅದನ್ನು ಬಿಡಿಸಿದವರು ಇಬ್ಬರು ವೈದ್ಯರು.

ಮೊದಲನೆಯವನು ಫ್ರಾನ್ಸಿನ ಮಾಂಪೆಲಿಯೆ ಊರಿನ ಶಾರ್ಲ್ ಲ ರುವಾ. 1751ರ ಹೊತ್ತಿಗೆ ಆತ ಗಾಜಿನ ಪಾತ್ರೆಯ ನೀರನ್ನು ಮಂಜುಗಡ್ಡೆಯಿಂದ ನಿಧಾನವಾಗಿ ತಣಿಸುತ್ತಾ ಹೊರಮೈಯನ್ನೇ ಗಮನಿಸುತ್ತಿದ್ದ. ಒಂದು ಮಟ್ಟಕ್ಕೆ ಇಳಿದೊಡನೆ ಗಾಜು ಮಬ್ಬಾಗುತ್ತಿತ್ತು. ಗಾಳಿಯಲ್ಲಿ ನೀರಾವಿ ಹೆಚ್ಚಿದ್ದ ದಿನ ಬೇಗ, ಕಡಿಮೆಯಿದ್ದ ದಿನ ತಡವಾಗಿ. ಆ ಮಟ್ಟವೇ ಇಬ್ಬನಿ ಬಿಂದು.

ಲೆಕ್ಕ ಹಾಕಿ ನೋಡೋಣ. 28 ಡಿಗ್ರಿ ಸೆಲ್ಸಿಯಸ್‌ನ ಮಧ್ಯಾಹ್ನ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 27 ಗ್ರಾಂ ನೀರಾವಿ ಇರಬಲ್ಲದು. ಇರುವುದು 13 ಗ್ರಾಂ ಆದರೆ ಸಾಪೇಕ್ಷ ಆರ್ದ್ರತೆ ಶೇ 48. ರಾತ್ರಿ 15 ಡಿಗ್ರಿಗೆ ಇಳಿದರೆ ಮಿತಿಯೇ ಸುಮಾರು 13 ಗ್ರಾಂ. ಹೊಸದಾಗಿ ಒಂದು ಹನಿಯೂ ಸೇರದೆ ಆರ್ದ್ರತೆ ಶೇ 100 ಮುಟ್ಟುತ್ತದೆ. ಹಾಗಾಗಿ ಹವಾಮಾನ ವರದಿಯ ಶೇಕಡಾ ಅಂಕಿಯೊಂದನ್ನೇ ನೋಡಿದರೆ ಗಾಳಿಯಲ್ಲಿ ನೀರೆಷ್ಟಿದೆ ಎಂದು ತಿಳಿಯದು. ಅದನ್ನು ಹೇಳುವುದು ಇಬ್ಬನಿ ಬಿಂದು.

ಬಯಲಿಗೂ ಮರದಡಿಗೂ ಭೇದವೇಕೆ ಎಂಬುದಕ್ಕೆ ಉತ್ತರ ಕೊಟ್ಟವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಇಬ್ಬನಿ ನೆಲದಿಂದ ಏಳುತ್ತದೆಂದು ಕೆಲವರು, ಮಳೆಯಂತೆ ಮೇಲಿಂದ ಇಳಿಯುತ್ತದೆಂದು ಕೆಲವರು ವಾದಿಸುತ್ತಿದ್ದ ಕಾಲ. ವೆಲ್ಸ್ ಹತ್ತು ಗ್ರೇನ್, ಅಂದರೆ ಒಂದು ಗ್ರಾಂಗೂ ಕಡಿಮೆ ತೂಕದ ಉಣ್ಣೆಯ ಕುಚ್ಚುಗಳನ್ನು ರಾತ್ರಿ ಹೊರಗಿಟ್ಟು ಬೆಳಗ್ಗೆ ತೂಗಿದ. ನಾಲ್ಕು ಅಡಿ ಎತ್ತರದ ಹಲಗೆಯ ಮೇಲಿನ ಕುಚ್ಚು 14 ಗ್ರೇನ್ ನೀರು ಹೀರಿತ್ತು, ಹಲಗೆಯ ಅಡಿಗೆ ಕಟ್ಟಿದ್ದು 4 ಮಾತ್ರ. ನೆಲದಿಂದ ಏಳುವುದೇ ಆಗಿದ್ದರೆ ಅಡಿಯದ್ದೇ ಹೆಚ್ಚು ನೆನೆಯಬೇಕಿತ್ತು. ಬಳಿಕ ಹುಲ್ಲಿನ ಮೇಲೆ ಎರಡೂವರೆ ಅಡಿಯ ಸುಟ್ಟ ಮಣ್ಣಿನ ಕೊಳವೆ ನಿಲ್ಲಿಸಿ, ಬುಡದಲ್ಲಿ ಉಣ್ಣೆ ಇಟ್ಟ. ಮೇಲೆ ಬಾಯಿ ತೆರೆದೇ ಇತ್ತು. ಗಾಳಿಯಾಡದ ಆ ರಾತ್ರಿ ಮಳೆ ಬಂದಿದ್ದರೆ ಒಳಗೂ ಹೊರಗೂ ಒಂದೇ ಸಮ ನೆನೆಯುತ್ತಿತ್ತು. ಆದರೆ ಒಳಗಿನದಕ್ಕೆ ಸಿಕ್ಕಿದ್ದು 2 ಗ್ರೇನ್‌ಗಿಂತ ತುಸು ಹೆಚ್ಚು, ಹೊರಗಿನದಕ್ಕೆ 16. ಒಳಗಿನ ಉಣ್ಣೆಗೆ ಕಾಣುತ್ತಿದ್ದುದು ಆಕಾಶದ ತುಣುಕು ಮಾತ್ರ.

ತೆರೆದ ಆಕಾಶಕ್ಕೆ ಮೈಯೊಡ್ಡಿದ ಹುಲ್ಲು ತನ್ನ ಶಾಖವನ್ನು ವಿಕಿರಣವಾಗಿ ಕಳೆದುಕೊಂಡು, ಗಾಳಿಗಿಂತ ಮೊದಲೇ ಇಬ್ಬನಿ ಬಿಂದುವಿನ ಕೆಳಗಿಳಿಯುತ್ತದೆ. ಹುಣಸೆಯ ಕೊಂಬೆಗಳಾದರೋ ನೆಲಕ್ಕೆ ಶಾಖ ಮರಳಿಸುತ್ತಿರುತ್ತವೆ. 1814ರಲ್ಲಿ ಅಚ್ಚಾದ ವೆಲ್ಸ್‌ನ ಪ್ರಬಂಧವನ್ನು, ಪ್ರಯೋಗ ಹೂಡುವುದು ಹೇಗೆಂದು ಕಲಿಯುವ ಪ್ರತಿ ವಿದ್ಯಾರ್ಥಿಯೂ ಓದಬೇಕು.

ನೆಲವೇ ಎಲ್ಲಕ್ಕಿಂತ ತಣ್ಣಗಾಗುವುದಾದರೆ ಅದಕ್ಕೆ ತಾಗಿದ ಗಾಳಿಯೂ ಅತಿ ತಣ್ಣಗಿರಬೇಕಲ್ಲವೆ? 1932ರಲ್ಲಿ ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಅಳೆದು ನೋಡಿದಾಗ, ಮೋಡವೂ ಗಾಳಿಯೂ ಇಲ್ಲದ ರಾತ್ರಿಗಳಲ್ಲಿ ಅತಿ ತಂಪಿನ ಪದರ ಬರಿನೆಲದಿಂದ ಗೇಣು, ಮೊಳ ಎತ್ತರದಲ್ಲಿ ಸಿಕ್ಕಿತು. ಹಲವರು ನಂಬಲಿಲ್ಲ. 1993ರಲ್ಲಿ ಬೆಂಗಳೂರಿನ ಎ.ಎಸ್. ವಾಸುದೇವಮೂರ್ತಿ, ಜೆ. ಶ್ರೀನಿವಾಸನ್, ರೊದ್ದಂ ನರಸಿಂಹ ಇದಕ್ಕೆ ವಿಕಿರಣದ ಸಿದ್ಧಾಂತ ಕೊಟ್ಟರು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ನಡೆದ ಪ್ರಯೋಗಗಳು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳತ್ತ ಬೊಟ್ಟು ಮಾಡಿವೆ: ಅವೂ ಹುಲ್ಲಿನಂತೆ ಆಕಾಶಕ್ಕೆ ಶಾಖ ಚೆಲ್ಲುತ್ತಾ ಸುತ್ತಲಿನ ಗಾಳಿಯನ್ನು ತಣಿಸುತ್ತವೆ.